ಮೊದಲಕ್ಷರ

ಜೂನ್ ತಿಂಗಳ ಮಲ್ಪೆ. ಬೋಟುಗಳೆಲ್ಲ ದಡ ಹತ್ತಿ
ಹೊಟ್ಟೆ ತೋರಿಸಿ ನಿಂತಿವೆ, ಆಸ್ಪತ್ರೆಯ ಸಾಲಿನಂತೆ.
ನಾನು ಹಿಲರಿ, ಕಲ್ಯಾಣಪುರದವ,
ಅಕ್ಷರಕ್ಕಿಷ್ಟು ಎಂದು ಲೆಕ್ಕ ಹಿಡಿದು
ದೇವರ ಹೆಸರು ಬರೆಯುವವ.
ಒತ್ತು ಇದ್ದರೆ ಐದು ರೂಪಾಯಿ ಹೆಚ್ಚು.
ಹಾಗಾಗಿ ಮಾಧವ ಅಗ್ಗ, ಜನಾರ್ದನ ದುಬಾರಿ,
ಸಂತ ಅಂತೋನಿಗೂ ಅದೇ ದರ.

ಇಪ್ಪತ್ತೆರಡು ಮಳೆಗಾಲ ಬರೆದೆ,
ಒಂದರ ಅರ್ಥವನ್ನೂ ಕೇಳಿದವನಲ್ಲ.
ಎಣ್ಣೆಬಣ್ಣಕ್ಕೆ ಅರ್ಥ ಬೇಡ,
ಹಲಗೆ ಒಣಗಿದ್ದರೆ ಸಾಕು.

ಈ ಸಲ ಗುಲಾಬಿ ತಿಂಗಳಾಯ ಬಂದು ನಿಂತರು,
ಸೆರಗಿನ ಗಂಟಿನಲ್ಲಿ ಮುಂಗಡ.
"ಪೊರ್ಬುಲೇ, ಇದ್ದದ್ದನ್ನೇ ಬರೆಯಿರಿ."
ಇದ್ದದ್ದು ಯಾವುದು, ಎಂದೆ.
ಬೋಟಿನ ಮೂತಿಯತ್ತ ಗಲ್ಲ ಎತ್ತಿ ತೋರಿಸಿದರು.
ಟಯರು ತಿಕ್ಕಿ, ಹಗ್ಗ ತಿಕ್ಕಿ, ಉಪ್ಪು ನೆಕ್ಕಿ
ಮೊದಲಕ್ಷರ ಹೋಗಿತ್ತು. ಉಳಿದದ್ದು
ಚ್ಯುತ.

ದೇವರದ್ದೋ ಗಂಡನದ್ದೋ, ಇಬ್ಬರಿಗೂ ಒಂದೇ ಹೆಸರು.
ಹೋದ ಆಗಸ್ಟಿನಲ್ಲಿ, ಬಲೆ ಎಳೆಯುವಾಗ,
ಹಿಂಬದಿಯ ಒದ್ದೆ ಹಲಗೆಯಿಂದ
ಮುಂದಿನದು ಬಂದರಿನಲ್ಲಿ ಎಲ್ಲರಿಗೂ ಗೊತ್ತು.
ಆಕೆ ಮದುವೆಯಾದಂದಿನಿಂದ
ಆ ಹೆಸರನ್ನು ಬಾಯಲ್ಲಿ ಆಡಿದವರಲ್ಲ.
ರೇಷನ್ ಅಂಗಡಿಯವ ಕೇಳಿದರೂ
ಮಗನನ್ನು ಮುಂದೆ ದೂಡುತ್ತಿದ್ದರಂತೆ.

ಸಂಜೆ ಸೈಕಲ್ಲು ತೆಂಕಪೇಟೆಗೆ.
ನನ್ನನ್ನು ಎಂಟನೆಯಲ್ಲಿ ಸಂಸ್ಕೃತಕ್ಕೆ ಫೇಲು ಮಾಡಿದ
ವೇದವತಿ ಟೀಚರು ಕನ್ನಡಕ ಒರೆಸಿದರು.
ಚ್ಯುತ ಅಂದರೆ ಜಾರಿದವ. ಬಿದ್ದವ.
ಹಿಂದೆ ಒಂದು ಅ ಕೂತರೆ, ಜಾರದವ.
ಹಿಡಿದುಕೊಂಡವರನ್ನು ಜಾರಗೊಡದವ ಅಂತಲೂ ಮಾಡಬಹುದು.
"ಒಂದೊಂದು ಹೆಸರಿಗೂ ನೂರು ಅರ್ಥ ಅನ್ನುತ್ತಾರೆ ಈ ಊರಲ್ಲಿ.
ನನಗೆ ಬರುವುದು ಏಳೆಂಟು."

ಅಷ್ಟೇಯಾ ಟೀಚರ್, ಎಂದೆ,
ಇಡೀ ದೇವರು ನಿಂತದ್ದು ಒಂದು ಅ ಮೇಲೆ,
ಅದನ್ನು ಹಳೇ ಲಾರಿಯ ಟಯರು ಒರೆಸಿ ಹಾಕಿತು.
ಅವರು ನಗಲಿಲ್ಲ. ಯಾರ ಬೋಟು, ಎಂದರು.
ಹೇಳಿದೆ.
ಆಮೇಲೆ ವ್ಯಾಕರಣ ಮುಂದಕ್ಕೆ ಹೋಗಲಿಲ್ಲ.
ಕಾಫಿ ಆರಿ ಕೆನೆ ಕಟ್ಟಿತು.
ರಥಬೀದಿಯ ಕಡೆಯಿಂದ ಗಂಟೆ ಕೇಳಿಸಿತು, ನಿಂತಿತು.
ಮೆಟ್ಟಿಲಿಳಿಯುವಾಗ ಹಿಂದಿನಿಂದ:
"ಆಕೆಗೆ ಅರ್ಥ ಹೇಳಬೇಡ ಹಿಲರಿ.
ಕೇಳಿದರೆ…
ಕೇಳಿದರೆ ನನಗೂ ಗೊತ್ತಿಲ್ಲ."

ಕೇಳಿಯೇ ಕೇಳಿದರು.
ಏಣಿಯ ಬುಡದಲ್ಲಿ ಕೂತು, ವೀಳ್ಯದೆಲೆಯ ನಾರು ತೆಗೆಯುತ್ತ:
"ಇದಕ್ಕೊಂದು ಅರ್ಥ ಉಂಟಂತಲ್ಲ?"
ಬ್ರಶ್ಶು ನನ್ನ ಹಲ್ಲಿನ ನಡುವೆ ಇತ್ತು,
ಅದೇ ನೆಪದಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದೆ.
ಬೇರೆ ಹೆಸರಿನ ಅರ್ಥ ಹೇಳಿಬಿಡೋಣವೆಂದರೆ
ಒಂದೂ ಗೊತ್ತಿಲ್ಲ ನನಗೆ.
ಜಾರದವ, ಎಂದೆ,
ಬಣ್ಣದ ಡಬ್ಬಿಯ ಒಳಗೆ ನೋಡುತ್ತ.

ಸಮುದ್ರದ ಕಡೆಯಿಂದ ಮಳೆ ಬರುವ ವಾಸನೆ.
ಪಕ್ಕದ ಬೋಟಿನಲ್ಲಿ ಯಾರೋ
ತುಕ್ಕು ಕೆರೆಯುವುದನ್ನು ನಿಲ್ಲಿಸಿದರು.

"ಹೌದು ಮತ್ತೆ," ಎಂದರು ಗುಲಾಬಿ ತಿಂಗಳಾಯ,
ಎಲೆ ಮಡಿಸಿ ದವಡೆಗೆ ಇಟ್ಟು.
"ಮೂವತ್ತೊಂದು ವರ್ಷ
ಇಲ್ಲೇ ಇಟ್ಟುಕೊಂಡೆ, ನಾಲಿಗೆಯ ತುದಿಯಲ್ಲಿ.
ಒಮ್ಮೆಯೂ ಜಾರಲಿಲ್ಲ."

ಟೀಚರಿಗೆ ಹೇಳಬೇಕು, ಅವರ ಏಳೆಂಟಕ್ಕೆ ಇದೊಂದು.

ಅ ಬರೆಯುವುದು ಸುಲಭವಲ್ಲ, ದುಂಡಗೆ ಬರಬೇಕು,
ಹಲಗೆಯ ಸಂದಿನಲ್ಲಿ ಬ್ರಶ್ಶು ಎಡವುತ್ತದೆ.
ಎರಡು ಕೋಟು ಹೊಡೆದು ಒಂದಕ್ಕೆ ದುಡ್ಡು ತೆಗೆದುಕೊಂಡೆ.
ಒತ್ತಿನ ಐದು ರೂಪಾಯಿ ಮಾತ್ರ
ಆಕೆ ಚೌಕಾಸಿ ಮಾಡದೆ ಕೊಟ್ಟರು.
ನೀರಿನ ಗೆರೆಗೆ ಹತ್ತಿರ ಇರುವುದು ಅದೇ,
ಬರುವ ಜೂನಿಗೆ ಅದು ಇರುವುದಿಲ್ಲ.
ಬರುತ್ತೇನೆ, ಎಂದೆ.